ಡಿಸೆಂಬರ್ 25 ಮತ್ತು ಒಂದು ಸೋಮಾರಿ ವಾದ

ಪ್ರತಿ ಡಿಸೆಂಬರಿನಲ್ಲೂ ನಮ್ಮ ಪುರವಣಿಗಳಲ್ಲಿ ಒಂದೇ ಲೇಖನ ಬೇರೆ ಬೇರೆ ಹೆಸರಿನಲ್ಲಿ ಅಚ್ಚಾಗುತ್ತದೆ. ರೋಮನ್ನರಿಗೆ ಸೂರ್ಯನ ಹಬ್ಬವೊಂದಿತ್ತು, ಚರ್ಚು ಅದನ್ನು ಕಬಳಿಸಿ ಕ್ರಿಸ್ತನ ಹೆಸರಿಟ್ಟಿತು, ಬ್ರಿಟಿಷರು ಇಲ್ಲಿಗೆ ಹೊತ್ತು ತಂದರು. ಹೊಸಕೋಟೆಯ ಸಂಜೆ ಹರಟೆಯಲ್ಲೂ ಇದನ್ನೇ ಕೇಳಿದ್ದೇನೆ. ವಿಚಾರವಾದಿ ಮೇಷ್ಟ್ರು ಹೇಳುವಷ್ಟೇ ಖಚಿತವಾಗಿ, ಬೈಬಲಿನಲ್ಲಿ ತಾರೀಕಿಲ್ಲದ ಹಬ್ಬ ಮಾಡಲೇಬಾರದೆನ್ನುವ ಹೊಸ ಪ್ರಾರ್ಥನಾ ಮಂದಿರದ ಬೋಧಕರೂ ಹೇಳುತ್ತಾರೆ. ಮಿಕ್ಕೆಲ್ಲದರಲ್ಲೂ ಜಗಳವಾಡುವ ಇವರಿಬ್ಬರು ಇದೊಂದರಲ್ಲಿ ಒಂದಾಗುವುದನ್ನು ಕಂಡೇ ನನಗೆ ಅನುಮಾನ.

ಚಕ್ರವರ್ತಿ ಅರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ಗುಡಿ ಕಟ್ಟಿಸಿದ್ದು ನಿಜ. ಆದರೆ ಅದರ ಪ್ರತಿಷ್ಠೆ ಡಿಸೆಂಬರ್ 25ಕ್ಕೆ ನಡೆಯಿತೆಂದು ಆ ಕಾಲದ ಯಾವ ಬರಹವೂ ಹೇಳುವುದಿಲ್ಲ. ಆ ತಾರೀಕಿನ ಸೂರ್ಯೋತ್ಸವ ಮೊದಲು ಕಾಣಸಿಗುವುದು 354ರ ರೋಮನ್ ಪಂಚಾಂಗದಲ್ಲಿ. ಅದೇ ಹೊತ್ತಗೆಯ ಇನ್ನೊಂದು ಪಟ್ಟಿಯಲ್ಲಿ ಅದೇ ದಿನಕ್ಕೆ ಕ್ರಿಸ್ತಜನನವೂ ಇದೆ. ಆ ಪಟ್ಟಿ 336ರಷ್ಟು ಹಿಂದಿನದೆಂದು ವಿದ್ವಾಂಸರ ಎಣಿಕೆ. ಒಂದೇ ಹೊತ್ತಗೆಯ ಎರಡು ನಮೂದುಗಳಲ್ಲಿ ಯಾವುದು ಯಾವುದನ್ನು ಕದ್ದಿತೆಂದು ಇಷ್ಟು ಧೈರ್ಯವಾಗಿ ಹೇಳುವುದು ಹೇಗೆ? ಇನ್ನೊಂದು ದಾರಿಯೂ ಇದೆ. ಯೇಸು ಮಾರ್ಚ್ 25ರಂದು ತೀರಿಕೊಂಡನೆಂಬ ಲೆಕ್ಕ 200ರ ಸುಮಾರಿಗೇ ಟರ್ಟಲಿಯನ್ ಬರಹದಲ್ಲಿದೆ. ಗರ್ಭಕ್ಕೆ ಬಂದ ದಿನವೂ ಅದೇ ಎಂದು ಮುಂದಿನವರು ಎಣಿಸಿದರು. ಅದಕ್ಕೆ ಒಂಬತ್ತು ತಿಂಗಳು ಕೂಡಿಸಿದರಾಯಿತು. ಪೂರ್ವದ ಸಭೆಗಳಲ್ಲಿ ಅದೇ ಎಣಿಕೆ ಏಪ್ರಿಲ್ 6ಕ್ಕೆ ಹೊರಟು ಜನವರಿ 6ಕ್ಕೆ ಮುಟ್ಟುತ್ತದೆ. ಇಷ್ಟಕ್ಕೂ ‘ಕದ್ದ ಹಬ್ಬ’ದ ಥಿಯರಿಯನ್ನು 18ನೇ ಶತಮಾನದಲ್ಲಿ ಬೆಳೆಸಿದವರಲ್ಲಿ ಮುಖ್ಯನಾದ ಯಾಬ್ಲೊನ್‌ಸ್ಕಿ ಜರ್ಮನಿಯ ಪ್ರೊಟೆಸ್ಟಂಟ್ ವಿದ್ವಾಂಸ. ನಮ್ಮ ವಿಚಾರವಾದಿಗಳು ಝಳಪಿಸುತ್ತಿರುವುದು ಕ್ರೈಸ್ತರ ಮನೆಜಗಳದ ಹಳೆಯ ಕತ್ತಿಯನ್ನು.

ಹಾಗೆಂದು ಎಣಿಕೆಯ ವಾದವೂ ಸಾಬೀತಾದದ್ದಲ್ಲ. 5ನೇ ಶತಮಾನದಲ್ಲಿ ಪೋಪ್ ಮಹಾ ಲಿಯೋ, ಸಂತ ಪೀಟರ್ ದೇವಾಲಯದ ಮೆಟ್ಟಿಲ ಮೇಲೆ ನಿಂತು ಮೂಡುವ ಸೂರ್ಯನಿಗೆ ತಲೆಬಾಗುತ್ತಿದ್ದ ಕ್ರೈಸ್ತರನ್ನು ಗದರಿಸಿದ್ದಾನೆ; ಸೂರ್ಯ ಆ ಜನರ ಮನಸ್ಸಿನಿಂದ ಹೋಗಿರಲಿಲ್ಲ. ಸೂರ್ಯನ ಸಂಬಂಧ ಇತ್ತೆಂದೇ ಇಟ್ಟುಕೊಳ್ಳಿ. ಅದರಿಂದ ಹಬ್ಬಕ್ಕೆ ಬಂದ ಕುಂದೇನು? ಉತ್ತರಾಯಣ ಆಕಾಶದಲ್ಲಿ ಡಿಸೆಂಬರ್ 21-22ಕ್ಕೇ ಶುರುವಾಗುತ್ತದೆ. ನಮ್ಮ ಸೀಮೆಯ ದನಗಳು ಕಿಚ್ಚು ಹಾಯುವುದು ಮಾತ್ರ ಜನವರಿ 14-15ಕ್ಕೆ. ಸಂಕ್ರಾಂತಿ ಸುಳ್ಳೆಂದು ಯಾವ ಪುರವಣಿಯೂ ಬರೆದಿಲ್ಲ.

‘ಬ್ರಿಟಿಷರು ತಂದರು’ ಎಂಬುದಂತೂ ಇನ್ನೂ ತೆಳು. ಅವರು ಶ್ರೀರಂಗಪಟ್ಟಣ ಗೆದ್ದದ್ದು 1799ರಲ್ಲಿ. ಅದಕ್ಕೆ ಸುಮಾರು ನೂರೈವತ್ತು ವರ್ಷ ಮೊದಲೇ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿ ವೇಷದಲ್ಲಿ ಅಲ್ಲಿ ಮಿಷನ್ ಕಟ್ಟಿದ್ದರು. ಪ್ಲಮ್ ಕೇಕು, ಸಾಂಟಾ ಟೋಪಿ ಇಂಗ್ಲಿಷಿನವರ ಬಳುವಳಿ ಅನ್ನಿ, ಒಪ್ಪುತ್ತೇನೆ. ಹಬ್ಬ ಅಲ್ಲ.

ಮೂಲ ಹುಡುಕುವವರು ನೋಡದೆ ಬಿಡುವುದು ಹಬ್ಬದ ಕೆಲಸವನ್ನು. ಗೋದಲಿಯನ್ನೇ ತೆಗೆದುಕೊಳ್ಳಿ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಕ್ರಿಸ್ತಜನನದ ದೃಶ್ಯ ಹೂಡಿದ. ಹೊಸಕೋಟೆ ಕಡೆಯ ಮನೆಗಳಲ್ಲಿ ಅದು ರಾಗಿಯ ಹೊಲವಾಗಿದೆ. ಹಬ್ಬಕ್ಕೆ ಹತ್ತು ದಿನ ಇರುವಾಗ ಹಳೆ ತಟ್ಟೆಗೆ ಮಣ್ಣು ತುಂಬಿ ರಾಗಿ ಚೆಲ್ಲುತ್ತಾರೆ. ಚಳಿ ಹೆಚ್ಚಿದ ವರ್ಷ ಮೊಳಕೆ ತಡವಾಗುತ್ತದೆ; ರಾತ್ರಿ ತಟ್ಟೆಯನ್ನು ಒಲೆಯ ಪಕ್ಕಕ್ಕೆ ಎಳೆದಿಡುತ್ತಾರೆ. ಬೆರಳುದ್ದದ ಹಸಿರು ಎದ್ದಮೇಲೆ ಕುರಿಗಳು ಅದರ ನಡುವೆ ನಿಲ್ಲುತ್ತವೆ. ಬಾಲಯೇಸು ಬರುವುದು ನಡುರಾತ್ರಿಯ ಪೂಜೆ ಮುಗಿದ ಮೇಲೆಯೇ, ಅಲ್ಲಿಯವರೆಗೆ ತೊಟ್ಟಿಲು ಖಾಲಿ. ಅಡುಗೆಮನೆಯಲ್ಲಿ ಕರ್ಜಿಕಾಯಿ, ಚಕ್ಕುಲಿ, ಅಚ್ಚು ಮುರುಕು. ಈ ಮುರುಕಿನ ಅಚ್ಚು ಎಣ್ಣೆಯಲ್ಲೇ ಕಾಯಬೇಕು, ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಅಂಚು ಮುಳುಗುವಷ್ಟು ಅದ್ದಿದರೆ ಹಿಡಿದ ಹಿಟ್ಟು ಬಿಡುವುದಿಲ್ಲ. ಮಧ್ಯಾಹ್ನಕ್ಕೆ ಬಿರಿಯಾನಿ, ಹೊಸಕೋಟೆಯೆಂದ ಮೇಲೆ ಅದನ್ನು ಬೇರೆ ಹೇಳಬೇಕಿಲ್ಲ. ಅರೇಲಿಯನ್ ಇದರಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಹಬ್ಬದ ಪರ ವಹಿಸುವವರ ಮೇಲೂ ನನಗೆ ತಕರಾರಿದೆ. ರಂಗೋಲಿ, ಮಾವಿನ ತೋರಣ ತೋರಿಸಿ ‘ನೋಡಿ, ಎಷ್ಟು ಸೌಹಾರ್ದ’ ಎಂದು ಬರೆಯುವವರು ಮೂಲ ಹುಡುಕುವವರಷ್ಟೇ ಸೋಮಾರಿಗಳು. ಬೆಳಿಗ್ಗೆ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳು ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಒಯ್ಯುವುದುಂಟು. ಎಲ್ಲ ತಟ್ಟೆಯೂ ಒಂದೇ ಅಲ್ಲ. ಒಂದು ಮನೆಗೆ ಕರ್ಜಿಕಾಯಿ, ಮುರುಕು, ಕೇಕು; ಇನ್ನೊಂದು ಮನೆಗೆ ಬಾಳೆಹಣ್ಣು ಮತ್ತು ಸಕ್ಕರೆ ಪೊಟ್ಟಣ, ಏಕೆಂದರೆ ಈ ಒಲೆಯಲ್ಲಿ ಬೆಂದದ್ದು ಅಲ್ಲಿ ಸಲ್ಲದು. ಯಾವ ಮನೆಗೆ ಯಾವ ತಟ್ಟೆ ಎಂಬುದು ಒಯ್ಯುವ ಹುಡುಗಿಗೂ ಬಾಯಿಪಾಠ. ಇದರಲ್ಲಿ ಮೊಟ್ಟೆಯ ಪ್ರಶ್ನೆ ಎಷ್ಟು, ಜಾತಿಯ ಪ್ರಶ್ನೆ ಎಷ್ಟು? ಕರ್ಜಿಕಾಯಿಗೆ ಮೊಟ್ಟೆ ಹಾಕುವುದಿಲ್ಲ, ಆದರೂ ಅದು ಹೊಸ್ತಿಲು ದಾಟುವುದಿಲ್ಲ. ರೋಮಿನ ಸೂರ್ಯನ ಮೂಲ ಕೆದಕುವ ಲೇಖನಗಳನ್ನು ರಾಶಿ ಓದಿದ್ದೇನೆ. ಈ ಸಕ್ಕರೆ ಪೊಟ್ಟಣದ ಮೂಲ ಕೇಳಿದ್ದನ್ನು ಒಂದರಲ್ಲೂ ಕಂಡಿಲ್ಲ.