ಕೊನೆ ಕತ್ತರಿಸಿದ ಚಿತ್ರ

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಅಂದಿನ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಇಂಜಿನಿಯರರೊಬ್ಬರು ಗುಂಪಿನ ಹೊಡೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಸಮೀಪದ ಹಳ್ಳಿಯಲ್ಲಿ ಅವರ ಗೆಳೆಯರೊಬ್ಬರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಮಕ್ಕಳ ಕಳ್ಳರೆಂಬ ಒಕ್ಕಣೆಯೊಡನೆ ಅವರ ದೃಶ್ಯವು ವಾಟ್ಸಾಪ್ ಮೂಲಕ ಅವರ ಕಾರಿಗಿಂತ ಮುಂಚೆಯೇ ಮುರ್ಕಿಯನ್ನು ಮುಟ್ಟಿತ್ತು. ಮುಂದೆ ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪಿನ ನಿರ್ವಾಹಕನೂ ಇದ್ದ.

ಇಲ್ಲಿ ವಿಮರ್ಶಿಸಬೇಕಾದುದು ಸುಳ್ಳಿನ ಸ್ವರೂಪವನ್ನು. ದೃಶ್ಯ ನಿಜ, ಮನುಷ್ಯರು ನಿಜ, ಚಾಕೊಲೇಟೂ ನಿಜ, ಒಕ್ಕಣೆಯೊಂದೇ ಮಿಥ್ಯೆ. ಅದೇ ವರ್ಷ ದೇಶದ ಹಲವೆಡೆ ಭೀತಿ ಹಬ್ಬಿಸಿದ ಮಗುವಿನ ಅಪಹರಣದ ದೃಶ್ಯವಾದರೋ, ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿಚಿತ್ರ. ಬೈಕಿನವರು ಮಗುವನ್ನು ಮರಳಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಏನನ್ನೂ ಸೇರಿಸದೆ, ಕಳೆದುದರಿಂದಲೇ ಸುಳ್ಳು ಹುಟ್ಟಿತು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸುತ್ತದೆ. ಲೇಖವೆಂದರೆ ಆಗ ಬರಹ. ಈಗ ದೃಶ್ಯವೂ ಅದರಲ್ಲಿ ಸೇರಿತು.

ಆ ತಿಂಗಳೇ ವಾಟ್ಸಾಪ್ ಸಂಸ್ಥೆಯು ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಕಳುಹಿಸಿದ ಸಂದೇಶಗಳಿಗೆ ಗುರುತು ಹಚ್ಚಿತು. ಭಾರತದಲ್ಲಿ ಒಮ್ಮೆಗೆ 5 ಕಡೆಗೆ ಮಾತ್ರವೆಂಬ ಮಿತಿಯನ್ನೂ ಪ್ರಕಟಿಸಿತು. ಮಿತಿಯಿಂದ ವೇಗ ತಗ್ಗೀತು. ಆದರೆ ಆ ಗುರುತು 'ಇದು ನನ್ನದಲ್ಲ' ಎನ್ನುತ್ತದೆಯೇ ಹೊರತು ಯಾರದೆಂದು ಹೇಳುವುದಿಲ್ಲ. ನಮ್ಮ ಶಾಸ್ತ್ರಭಂಡಾರಗಳ ಹಸ್ತಪ್ರತಿಗಳಲ್ಲಿ ಎಷ್ಟೋ ಲಿಪಿಕಾರರು, ಮಾಡಿದ್ದು ಬರಿಯ ಪ್ರತಿಯಾದರೂ, ಕಡೆಯಲ್ಲಿ ತಮ್ಮ ಹೆಸರು, ತಿಥಿ ನಮೂದಿಸಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಂಡಿದ್ದಾರೆ. ಬೀದರ್, ಭಾಲ್ಕಿಗಳ ನಮ್ಮ ಮನೆಗಳಿಗೂ ಬಸದಿ ಸಮಿತಿಗಳಿಗೂ ನಿತ್ಯ ಬರುವ ಸಂದೇಶಗಳಲ್ಲಿ ಅಂತಹ ಹೆಸರುಳ್ಳವು ಎಷ್ಟು?