ಬೆನ್ನಿನ ಬಣ್ಣದ ನಕ್ಷೆ ಅಳೆಯುವುದೇನನ್ನು?

ಮೈಸೂರಿನ ಲಕ್ಷ್ಮೀಪುರಂನಲ್ಲಿ ನಮ್ಮ ನೆರೆಮನೆಯವರು ನಿವೃತ್ತ ಗಣಿತ ಮೇಷ್ಟ್ರು. ಸೊಂಟನೋವಿಗೆಂದು ಬೇರೆ ಊರಿನ ಕೈರೋಪ್ರಾಕ್ಟಿಕ್ ಕೇಂದ್ರವೊಂದಕ್ಕೆ ಹೋಗಿ ಬಂದು ನನಗೊಂದು ವರದಿ ತೋರಿಸಿದರು. ಬೆನ್ನೆಲುಬಿನ ಚಿತ್ರ, ಅದರ ಎರಡೂ ಬದಿಗೆ ಹಸಿರು, ಹಳದಿ, ಕೆಂಪು ಪಟ್ಟಿಗಳು. "ಕೆಂಪು ಇರುವ ಕಡೆ ಮಣಿ ಜಾರಿ ನರ ಒತ್ತುತ್ತಿದೆಯಂತೆ. ಕಂಪ್ಯೂಟರೇ ಹೇಳಿದೆ" ಎಂದರು.

ಆ ಯಂತ್ರ ಅಳೆದದ್ದು ಮಣಿಯನ್ನಲ್ಲ, ನರವನ್ನೂ ಅಲ್ಲ. ಬೆನ್ನೆಲುಬಿನ ಎಡಬಲಗಳ ಚರ್ಮದ ಉಷ್ಣತೆಯನ್ನು. ಈ ಉಪಾಯ ಹೊಸದೂ ಅಲ್ಲ. ಡಿ.ಡಿ. ಪಾಮರ್ 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ಆರಂಭಿಸಿದರು. ಅವರ ಮಗ ಬಿ.ಜೆ. ಪಾಮರ್ 1924ರಲ್ಲಿ 'ನ್ಯೂರೋಕ್ಯಾಲೊಮೀಟರ್' ಎಂಬ ಉಪಕರಣವನ್ನು ಬಳಕೆಗೆ ತಂದರು. ಥರ್ಮೋಕಪಲ್‌ಗಳು ಮತ್ತು ಒಂದು ಸೂಜಿಮಾಪಕ, ಅಷ್ಟೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲೇ ಜೋಡಿಸಿಬಿಡಬಹುದು! ಇಂದು ಸೂಜಿಯ ಜಾಗಕ್ಕೆ ಅವಕೆಂಪು ಸಂವೇದಕವೂ ಬಣ್ಣದ ಪರದೆಯೂ ಬಂದಿವೆ. ಚರ್ಮದ ಉಷ್ಣತೆಗೂ ಮಣಿಯ ಸ್ಥಾನಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ನೀವೇ ಪರೀಕ್ಷಿಸಿ. ಕೋವಿಡ್ ಕಾಲದಲ್ಲಿ ಶಾಲೆಗೆ ಬಂದ ಹಣೆಯ ಉಷ್ಣಮಾಪಕ ಕಪಾಟಿನಲ್ಲಿ ಇದ್ದೀತು. ಗೆಳೆಯನ ಎರಡೂ ಮುಂಗೈಗಳನ್ನು ಅಳೆಯಿರಿ. ಒಂದನ್ನು ಫ್ಯಾನಿನ ಗಾಳಿಗೊಡ್ಡಿ, ಇನ್ನೊಂದಕ್ಕೆ ಶಾಲು ಸುತ್ತಿ, ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎಡಬಲ ವ್ಯತ್ಯಾಸ ಬಂದಿರುತ್ತದೆ. ಯಾವ ಮೂಳೆಯೂ ಜಾರಿರುವುದಿಲ್ಲ. ಚರ್ಮದ ಕೆಳಗಿನ ರಕ್ತಸಂಚಾರ, ಬೆವರು, ಒರಗಿ ಕುಳಿತ ಕುರ್ಚಿ ಎಲ್ಲವೂ ಉಷ್ಣತೆಯನ್ನು ಬದಲಿಸುತ್ತವೆ. ಒಂದೇ ಬೆನ್ನಿಗೆ ಎರಡು ಸಲವೂ ಒಂದೇ ಅಂಕಿ ಬಂದರೆ ಉಪಕರಣ ಕರಾರುವಾಕ್ಕಾಗಿದೆ ಎನ್ನಬಹುದು. ರೋಗ ಹೇಳುತ್ತದೆ ಎನ್ನಲಾಗದು. ತಕ್ಕಡಿ ನಂಜನಗೂಡು ರಸಬಾಳೆಯ ತೂಕ ಹೇಳೀತು, ರುಚಿಯನ್ನಲ್ಲ. ಮೇಷ್ಟ್ರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: "ನೋವೇ ಇಲ್ಲದ ನೂರು ಜನಕ್ಕೆ ಈ ಯಂತ್ರ ಹಿಡಿದರೆ ಎಷ್ಟು ಜನರಿಗೆ ಕೆಂಪು ಬಂದೀತು?" ವರದಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

'ಟಕ್' ಎಂಬ ಸದ್ದೂ ಮಣಿ ಕೂಡಿಕೊಂಡ ಗುರುತಲ್ಲ. ಬೆರಳಿನ ಲಟಿಕೆ ಮುರಿಯುವುದನ್ನು 2015ರಲ್ಲಿ ಎಂ.ಆರ್.ಐ. ಮೂಲಕ ನೋಡಿದಾಗ, ಸದ್ದಿನ ಹೊತ್ತಿಗೆ ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಮೂಡುವುದು ಕಂಡಿತು.

ಹಾಗೆಂದು ಕೈಚಿಕಿತ್ಸೆ ಪೂರ್ತಿ ವ್ಯರ್ಥವೆಂದಲ್ಲ. ಸೊಂಟನೋವಿಗೆ ಅದರಿಂದ ಸಾಧಾರಣ ಉಪಶಮನ ಸಿಗುತ್ತದೆ, ಹೆಚ್ಚುಕಡಿಮೆ ವ್ಯಾಯಾಮದಿಂದ ಸಿಗುವಷ್ಟೇ. ಆದರೆ ನೋವಿನ ಜೊತೆಗೆ ಕಾಲು ಬಲಗುಂದಿದರೆ, ತೊಡೆಸಂದಿ ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ, ಯಾವ ನಕ್ಷೆಗೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಹಸಿರು ಪಟ್ಟಿಯನ್ನು ನಂಬಿ ಮನೆಯಲ್ಲಿ ಕುಳಿತರೆ ನರಕ್ಕೆ ಮರಳಿ ಬಾರದ ಹಾನಿಯಾಗಬಹುದು.