ಹೊರಗಿನ ಹುಳು, ನಮ್ಮ ಲೆಕ್ಕ

ಮಳೆಗಾಲದಲ್ಲಿ ದಾವಣಗೆರೆ ಸುತ್ತಿನ ಯಾವುದೇ ಗೋವಿನಜೋಳದ ಹೊಲಕ್ಕಿಳಿದು, ಮೊಣಕಾಲೆತ್ತರದ ಗಿಡವೊಂದರ ಸುಳಿ ಬಿಡಿಸಿ ನೋಡಿ. ಎಲೆಯ ತುಂಬ ತೂತು, ಸುಳಿಯೊಳಗೆ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ, ಅದರಡಿ ಹುಳು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕದಂತೆ ನಾಲ್ಕು ಚುಕ್ಕೆ. ಅಮೆರಿಕ ಖಂಡದ ಈ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಸಿಕ್ಕಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ನೆರೆಯ ಶಿವಮೊಗ್ಗದಲ್ಲಿ. ಅದೇ ಮುಂಗಾರಿನಲ್ಲಿ ದಾವಣಗೆರೆಯ ಹೊಲಗಳಿಗೂ ಬಂತು.

ಇಂಥ ಜೀವಿಗಳನ್ನು ತಡೆಯುವಲ್ಲಿ ರಾಜ್ಯ ಗೆದ್ದಿತೋ ಸೋತಿತೋ ಎಂದು ಅಳೆಯುವುದು ಹೇಗೆ? ನಮ್ಮಲ್ಲಿ ರೂಢಿಯಾಗಿರುವುದು ಮಾಡಿದ ಕೆಲಸದ ಲೆಕ್ಕ: ಎಷ್ಟು ಎಕರೆಗೆ ಔಷಧಿ ಹೊಡೆದರು, ಎಷ್ಟು ತರಬೇತಿ ನಡೆಯಿತು, ಎಷ್ಟು ಕರಪತ್ರ ಹಂಚಿದರು. ಈ ಲೆಕ್ಕದಲ್ಲಿ ದೊಡ್ಡ ದೋಷವಿದೆ. ಹುಳು ಹೆಚ್ಚಿದಷ್ಟೂ ಅಂಕಿ ದೊಡ್ಡದಾಗುತ್ತದೆ. ಬಾರದೇ ಉಳಿದ ಕೀಟಕ್ಕೆ ಅದರಲ್ಲಿ ಜಾಗವೇ ಇಲ್ಲ.

ಕಾನೂನು ಮಾಡಿದ್ದನ್ನೇ ಗೆಲುವೆಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪಾರ್ಥೇನಿಯಂ ಕಣ್ಣೆದುರಿಗಿದೆ. 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಕರ್ನಾಟಕ 1975ರಲ್ಲೇ ಅದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿತು. 1983ರಲ್ಲಿ ಮೆಕ್ಸಿಕೊದಿಂದ ಎಲೆ ತಿನ್ನುವ ದುಂಬಿಯನ್ನು ಬೆಂಗಳೂರಿಗೆ ತರಿಸಿ, ಮರುವರ್ಷ ಹೊರಗೆ ಬಿಟ್ಟರು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಕಳೆ ಆಗಲೇ ಬೇರೂರಿತ್ತು. ದಾವಣಗೆರೆಯ ಖಾಲಿ ಸೈಟುಗಳಲ್ಲಿ, ಹರಿಹರದ ರೈಲು ಹಳಿಗಳ ಪಕ್ಕದಲ್ಲಿ ‘ಕಾಂಗ್ರೆಸ್ ಗಿಡ’ ನಾಲ್ಕು ಮಳೆ ಬಿದ್ದರೆ ಸಾಕು, ಇಂದಿಗೂ ಬಿಳಿ ಹೂ ಹೊತ್ತು ನಿಲ್ಲುತ್ತದೆ.

ಹಾಗೆಂದು ಇಡೀ ಹೊಣೆಯನ್ನು ರಾಜ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಂದರು, ವಿಮಾನ ನಿಲ್ದಾಣಗಳಲ್ಲಿ ಹೊರದೇಶದ ಸಸ್ಯಗಳ ತಪಾಸಣೆ ಕೇಂದ್ರದ ಕೈಯಲ್ಲಿದೆ. ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲ ಪತಂಗವನ್ನು ಯಾವ ಚೆಕ್‌ಪೋಸ್ಟೂ ತಡೆಯದು. ಆದ್ದರಿಂದ ರಾಜ್ಯವನ್ನು ದಿನಗಳಲ್ಲಿ ಅಳೆಯಬೇಕು. ಹೊಸ ಜೀವಿ ಬಂದದ್ದು ಎಷ್ಟು ದಿನಕ್ಕೆ ಗೊತ್ತಾಯಿತು? ಗೊತ್ತಾದದ್ದು ಎಷ್ಟು ದಿನಕ್ಕೆ ರೈತನ ಕಿವಿಗೆ ಬಿತ್ತು?

ಈ ಅಳತೆಯಲ್ಲಿ 2018 ಅರ್ಧ ಗೆಲುವು, ಅರ್ಧ ಸೋಲು. ಶಿವಮೊಗ್ಗದ ಕೃಷಿ ವಿಜ್ಞಾನಿಗಳು ಹುಳುವನ್ನು ಗುರುತಿಸಿದ್ದು ದೇಶಕ್ಕೇ ಉಪಕಾರವಾಯಿತು. ಆದರೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ಎಚ್ಚರಿಕೆ ಹೊರಬಿದ್ದದ್ದು ಜುಲೈ ಕೊನೆಗೆ. ಈ ಹುಳುವಿನ ಒಂದು ತಲೆಮಾರಿಗೆ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನಾವು ಎರಡು ತಲೆಮಾರು ಹಿಂದೆ ಬಿದ್ದೆವು.

ಆ ತಡಕ್ಕೆ ಬೆಲೆ ತೆತ್ತವನು ರೈತ. ಎಕರೆಗೆ ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ ಕಲಸಿ, ಒಂದು ದಿನ ಹುಳಿಯಲು ಬಿಟ್ಟು, ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಆ ವಿಷ ಪಾಷಾಣವನ್ನು ಗಿಡಗಿಡದ ಸುಳಿಗೂ ಚಿಟಿಕೆಚಿಟಿಕೆ ಹಾಕುತ್ತ ಸಾಗಬೇಕು. ಈ ಕೂಲಿ, ಈ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯಿತೇ ಎಂಬುದೂ ರಾಜ್ಯದ ಯಶಸ್ಸಿನ ಅಳತೆಯೇ.

ಫಲವನ್ನು ಹೀಗೆ ಅಳೆಯಲು ಸಾಧ್ಯವಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಹಿಪ್ಪುನೇರಳೆಯನ್ನೂ ಹಾಳುಮಾಡಿತು. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಕಣಜಗಳು ಅದನ್ನು ಹತೋಟಿಗೆ ತಂದವು. ಅದು ಹೊಲದಲ್ಲಿ ಕಣ್ಣಿಗೆ ಕಂಡ ಗೆಲುವು.

ದಾವಣಗೆರೆ ಜಿಲ್ಲೆಯ ಕೃಷಿ ವರದಿಯಲ್ಲಿ ಪ್ರತಿ ಹೊಸ ಕೀಟಕ್ಕೂ, ಕಳೆಗೂ ಮೂರು ದಿನಾಂಕಗಳಿರಲಿ: ಮೊದಲು ಕಂಡದ್ದು, ರೈತರಿಗೆ ತಿಳಿಸಿದ್ದು, ಕ್ರಮ ಕೈಗೊಂಡದ್ದು. ಹೊಲದಲ್ಲಿ ಹೆಸರು ಗೊತ್ತಿಲ್ಲದ ಹುಳು ಕಂಡರೆ ನೀವೂ ಔಷಧಿ ಅಂಗಡಿಗೆ ಹೋಗುವ ಮುನ್ನ ಅದನ್ನು ಡಬ್ಬಿಯಲ್ಲಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಮೊದಲ ದಿನಾಂಕ ಬರೆಯುವುದು ನಿಮ್ಮಿಂದಲೇ ಆಗಬೇಕು.